ಮೂಲ ಚಿತ್ರ ಕೆಡದಂತೆ ಲೇಯರ್ ಎಡಿಟಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಫೋಟೋಶಾಪ್, ಅಫಿನಿಟಿ, ಗಿಂಪ್, ಕ್ರಿತಾ – ಚಿತ್ರ ತಿದ್ದುವ ಈ ನಾಲ್ಕೂ ಪ್ರೋಗ್ರಾಮ್‌ಗಳ ಪರಿಚಯದಲ್ಲಿ 'ನಾನ್-ಡಿಸ್ಟ್ರಕ್ಟಿವ್', ಅಂದರೆ ಮೂಲ ಕೆಡಿಸದ, ಎಂಬ ಮಾತು ಇದ್ದೇ ಇರುತ್ತದೆ. ಸುಳ್ಳೇನಲ್ಲ. ಆದರೆ ಯಾವ ಕೆಲಸಕ್ಕೆ ಅದು ಅನ್ವಯಿಸುತ್ತದೆ, ಎಲ್ಲಿಗೆ ನಿಂತುಹೋಗುತ್ತದೆ ಎಂಬುದು ಒಂದೊಂದರಲ್ಲಿ ಒಂದೊಂದು ರೀತಿ. ಸ್ಟುಡಿಯೋ ನಡೆಸುವವರು, ಆಲ್ಬಮ್ ಡಿಸೈನ್ ಮಾಡುವವರು, ಹವ್ಯಾಸಕ್ಕೆ ಕ್ಯಾಮೆರಾ ಹಿಡಿದವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಲೇಯರ್ ಎಂದರೆ ಒಂದರ ಮೇಲೊಂದಾಗಿ ಇಡುವ, ಬೇರೆಬೇರೆಯಾಗಿ ತಿದ್ದಬಹುದಾದ ಪದರ.

ಕಂಟ್ರೋಲ್-ಝಡ್ ಒತ್ತಿದರೆ ಹಿಂದಕ್ಕೆ ಬರುತ್ತದಲ್ಲ, ಮತ್ತೆ ಇದೆಲ್ಲ ಯಾಕೆ?

ಅನ್‌ಡೂಗೆ ಎರಡು ಮಿತಿಗಳಿವೆ. ಸಾಮಾನ್ಯವಾಗಿ ಫೈಲ್ ಮುಚ್ಚಿದ ಕೂಡಲೇ ಅದು ಹೋಗುತ್ತದೆ. ಇನ್ನೊಂದು, ಅದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಮೂರನೆಯ ಹಂತದಲ್ಲಿ ಮಾಡಿದ್ದು ಇಷ್ಟವಾಗಲಿಲ್ಲ ಎಂದರೆ ನಾಲ್ಕರಿಂದ ನಲವತ್ತರವರೆಗಿನ ಕೆಲಸವನ್ನೂ ಬಿಟ್ಟುಕೊಡಬೇಕು.

ನಾನು ಬಳಸುವ ಪರೀಕ್ಷೆ ಇದು: ಫೈಲ್ ಸೇವ್ ಮಾಡಿ, ಪ್ರೋಗ್ರಾಮ್ ಮುಚ್ಚಿ, ನಾಳೆ ತೆರೆಯಿರಿ. ನಿನ್ನೆಯ ಹತ್ತು ತೀರ್ಮಾನಗಳಲ್ಲಿ ಒಂದನ್ನು ಮಾತ್ರ, ಉಳಿದ ಒಂಬತ್ತನ್ನು ಮುಟ್ಟದೆ, ಬದಲಿಸಲು ಆಗುತ್ತದೆಯೇ? ಆಗುತ್ತದೆ ಎಂದಾದರೆ, ಆ ಒಂದು ತೀರ್ಮಾನದ ಮಟ್ಟಿಗೆ ನಿಮ್ಮ ಕೆಲಸ ಮೂಲ ಕೆಡಿಸದ ಕೆಲಸ. ಪ್ರೋಗ್ರಾಮ್‌ನ ಹೆಸರಿಗಿಂತ ಈ ಪ್ರಶ್ನೆಯೇ ಮುಖ್ಯ, ಮತ್ತು ಅದನ್ನು ಕತ್ತರಿಸುವುದಕ್ಕೆ, ಬಣ್ಣಕ್ಕೆ, ರೀಟಚ್‌ಗೆ, ಅಕ್ಷರಕ್ಕೆ ಬೇರೆಬೇರೆಯಾಗಿಯೇ ಕೇಳಬೇಕು.

ಬ್ಯಾಕ್‌ಗ್ರೌಂಡ್ ಲೇಯರ್‌ನ ನಕಲು ಮಾಡಿಕೊಂಡು ಅದರ ಮೇಲೆ ಕೆಲಸ ಮಾಡುತ್ತೇನೆ. ಅಷ್ಟು ಸಾಲದೇ?

ಮೂಲ ಉಳಿಯುತ್ತದೆ, ತೀರ್ಮಾನ ಉಳಿಯುವುದಿಲ್ಲ. ನಕಲಿನ ಮೇಲೆ ಬೆಳಕು ತಿದ್ದುವ ಲೆವೆಲ್ಸ್ ಹಾಕಿ ಓಕೆ ಒತ್ತಿದ ಮೇಲೆ, ಎಷ್ಟು ಹಾಕಿದ್ದಿರಿ ಎಂಬುದು ಎಲ್ಲೂ ದಾಖಲಾಗುವುದಿಲ್ಲ. ಸ್ವಲ್ಪ ಕಡಿಮೆ ಮಾಡಬೇಕೆಂದರೆ ಲೇಯರ್‌ನ ಒಪ್ಯಾಸಿಟಿ (ಎಷ್ಟು ದಟ್ಟವಾಗಿ ಕಾಣುತ್ತದೆ ಎಂಬುದು) ಇಳಿಸಬಹುದು, ಅಷ್ಟೇ. ಹೆಚ್ಚು ಮಾಡಬೇಕೆಂದರೆ ಮೊದಲಿನಿಂದ ಶುರು.

ಫೋಟೋಶಾಪ್‌ನ ಇತಿಹಾಸ ನೋಡಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಲೇಯರ್ ಬಂದದ್ದು 1994ರ 3.0 ಆವೃತ್ತಿಯಲ್ಲಿ. ಅಡ್ಜಸ್ಟ್‌ಮೆಂಟ್ ಲೇಯರ್, ಅಂದರೆ ಪಿಕ್ಸೆಲ್ ಇಲ್ಲದೆ ಬರೀ ಸೂಚನೆಯನ್ನು ಹೊತ್ತ ಲೇಯರ್, ಬಂದದ್ದು 1996ರ 4.0ರಲ್ಲಿ. ಮೂಲ ಚಿತ್ರವನ್ನು ಹಾಗೇ ಒಳಗಿಟ್ಟುಕೊಳ್ಳುವ ಲೇಯರ್ ಆದ ಸ್ಮಾರ್ಟ್ ಆಬ್ಜೆಕ್ಟ್ 2005ರಲ್ಲಿ ಸಿಎಸ್2 ಜೊತೆ, ಅದರ ಮೇಲೆ ಹಾಕಿ ಆಮೇಲೂ ತಿದ್ದಬಹುದಾದ ಸ್ಮಾರ್ಟ್ ಫಿಲ್ಟರ್ 2007ರಲ್ಲಿ ಸಿಎಸ್3 ಜೊತೆ ಬಂತು. ಲೇಯರ್ ಇತ್ತು ಎಂದ ಮಾತ್ರಕ್ಕೆ ಬ್ಲರ್ ಮಾಡಿದ್ದನ್ನು ತಿದ್ದಲು ಆಗುತ್ತಿರಲಿಲ್ಲ. ಅದಕ್ಕೆ ಇನ್ನೂ 13 ವರ್ಷ ಬೇಕಾಯಿತು.

ಒಂದು ಫೋಟೋ ಇಟ್ಟುಕೊಂಡು ತೋರಿಸಬಹುದೇ?

ಕಲ್ಯಾಣ ಮಂಟಪದ ಧಾರೆ ಫೋಟೋ ಅಂದುಕೊಳ್ಳಿ. ಮೇಲಿನಿಂದ ಹಳದಿ ಬೆಳಕು, ಹಿಂದಿನ ಗೋಡೆಯಲ್ಲಿ ಸ್ವಿಚ್‌ಬೋರ್ಡ್, ವಧುವಿನ ಮುಖ ಸ್ವಲ್ಪ ಕತ್ತಲು, ಕೆಂಪು ರೇಷ್ಮೆ ಸೀರೆ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಲೇಯರ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಹೀಗೆ ಜೋಡಿಸುತ್ತೇನೆ.

ತಳದಲ್ಲಿ ಮೂಲ ಚಿತ್ರ, ಬೀಗ ಹಾಕಿ. ಅದರ ನೆತ್ತಿಯ ಮೇಲೆಯೇ ಒಂದು ಖಾಲಿ ಲೇಯರ್. ಸ್ವಿಚ್‌ಬೋರ್ಡ್ ಅಳಿಸುವುದು, ಚರ್ಮದ ಕಲೆ ತೆಗೆಯುವುದು ಎಲ್ಲ ಇದರ ಮೇಲೆ. ಫೋಟೋಶಾಪ್‌ನಲ್ಲಿ ಹೀಲಿಂಗ್ ಬ್ರಷ್‌ನ ಸ್ಯಾಂಪಲ್ ಆಯ್ಕೆಯನ್ನು 'ಕರೆಂಟ್ ಅಂಡ್ ಬಿಲೋ' ಎಂದು ಇಟ್ಟುಕೊಂಡರೆ, ಕೆಳಗಿನ ಚಿತ್ರದಿಂದ ಎತ್ತಿ ಖಾಲಿ ಲೇಯರ್ ಮೇಲೆ ಇಡುತ್ತದೆ. ಅದರ ಮೇಲೆ ಹಳದಿ ಇಳಿಸುವ ಕರ್ವ್ಸ್ ಅಡ್ಜಸ್ಟ್‌ಮೆಂಟ್ ಲೇಯರ್. ಅದರ ಮೇಲೆ ಮುಖ ಬೆಳಗಿಸುವ ಇನ್ನೊಂದು ಕರ್ವ್ಸ್. ಇದರ ಮಾಸ್ಕ್ (ಲೇಯರ್ ಎಲ್ಲಿ ಕಾಣಬೇಕು ಎಂದು ಹೇಳುವ ಪರದೆ; ಬಿಳಿ ಇದ್ದಲ್ಲಿ ಕಾಣುತ್ತದೆ, ಕಪ್ಪು ಇದ್ದಲ್ಲಿ ಇಲ್ಲ) ಪೂರ್ತಿ ಕಪ್ಪು, ಮುಖದ ಜಾಗದಲ್ಲಿ ಮಾತ್ರ ಮೆತ್ತನೆಯ ಬ್ರಷ್‌ನಿಂದ ಬಿಳಿ. ಬ್ಲೆಂಡ್ ಮೋಡ್ (ಕೆಳಗಿನ ಚಿತ್ರದೊಡನೆ ಬೆರೆಯುವ ರೀತಿ) ಲ್ಯೂಮಿನಾಸಿಟಿ, ಇಲ್ಲದಿದ್ದರೆ ಬೆಳಕಿನ ಜೊತೆ ಚರ್ಮದ ಬಣ್ಣವೂ ಏರುತ್ತದೆ. ಕೊನೆಗೆ ಸೀರೆಯ ಕೆಂಪಿಗೆ ಒಂದು ಹ್ಯೂ/ಸ್ಯಾಚುರೇಶನ್, ಅದಕ್ಕೂ ಮಾಸ್ಕ್.

ವಾರ ಬಿಟ್ಟು ಫೋನ್ ಬರುತ್ತದೆ: "ಎಲ್ಲಾ ಚೆನ್ನಾಗಿದೆ ಅಣ್ಣಾ, ಆದರೆ ಗಲ್ಲದ ಮೇಲಿನ ಮಚ್ಚೆ ಎಲ್ಲಿ ಹೋಯ್ತು? ಅದು ಹುಟ್ಟಿನಿಂದ ಇರೋದು, ಹಾಕಿಬಿಡಿ." ಖಾಲಿ ಲೇಯರ್‌ಗೆ ಹೋಗಿ ಗಲ್ಲದ ಜಾಗದಲ್ಲಿ ಎರೇಸರ್ ಒಂದು ಸಲ ಒತ್ತಿದರೆ ಮಚ್ಚೆ ತಾನಾಗಿ ಹಿಂದಿರುಗುತ್ತದೆ, ಮೇಲಿನ ಬಣ್ಣದ ತಿದ್ದುಪಡಿಯೂ ಅದಕ್ಕೆ ಅನ್ವಯವಾಗಿರುತ್ತದೆ. ಸ್ವಿಚ್‌ಬೋರ್ಡ್ ಮರಳಿ ಬರುವುದಿಲ್ಲ.

ರೀಟಚ್ ಲೇಯರ್ ಬಣ್ಣದ ಲೇಯರ್‌ಗಳ ಕೆಳಗೇ ಇರಬೇಕು ಎನ್ನುವುದು ಇದಕ್ಕೇ. ಅದು ಮೇಲಿದ್ದರೆ ಆಗಲೇ ತಿದ್ದಿದ ಬಣ್ಣ ಪಿಕ್ಸೆಲ್ ಆಗಿ ಅಂಟಿಕೊಂಡಿರುತ್ತದೆ; ನಾಳೆ ಕರ್ವ್ಸ್ ಬದಲಿಸಿದರೆ ಗೋಡೆಯ ಬಣ್ಣ ಬದಲಾಗಿ, ಸ್ವಿಚ್‌ಬೋರ್ಡ್ ಇದ್ದ ಜಾಗ ಮಾತ್ರ ಹಳೆಯ ಬಣ್ಣದಲ್ಲೇ ತೇಪೆಯಾಗಿ ಉಳಿಯುತ್ತದೆ. ಲೇಯರ್ ಬಳಸಿಯೂ ಕೆಲಸ ಕೆಡಿಸಿಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ನಾಲ್ಕು ಪ್ರೋಗ್ರಾಮ್‌ಗಳಲ್ಲಿ ನಿಜವಾದ ವ್ಯತ್ಯಾಸ ಏನು?

ಬಣ್ಣ, ಬೆಳಕಿನ ತಿದ್ದುಪಡಿಯಲ್ಲಿ ಫೋಟೋಶಾಪ್ ಮತ್ತು ಅಫಿನಿಟಿ ಹೆಚ್ಚುಕಡಿಮೆ ಒಂದೇ. ಎರಡರಲ್ಲೂ ಅಡ್ಜಸ್ಟ್‌ಮೆಂಟ್ ಲೇಯರ್‌ಗಳಿವೆ, ಒಂದೊಂದಕ್ಕೂ ಮಾಸ್ಕ್ ಇದೆ. ಬೇರೆಯಾಗುವುದು ಬ್ಲರ್, ಶಾರ್ಪನ್, ನಾಯ್ಸ್ ಥರದ ಫಿಲ್ಟರ್‌ಗಳಿಗೆ ಬಂದಾಗ. ಫೋಟೋಶಾಪ್‌ನಲ್ಲಿ ಮೊದಲು ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಬೇಕು, ಆಮೇಲೆ ಫಿಲ್ಟರ್ ಹಾಕಬೇಕು. ಒಂದು ಸ್ಮಾರ್ಟ್ ಆಬ್ಜೆಕ್ಟ್‌ಗೆ ಎಷ್ಟೇ ಫಿಲ್ಟರ್ ಹಾಕಿದರೂ ಅವುಗಳೆಲ್ಲಕ್ಕೂ ಸೇರಿ ಒಂದೇ ಮಾಸ್ಕ್. ಹಿನ್ನೆಲೆಗೆ ಬ್ಲರ್, ಕಣ್ಣಿಗೆ ಶಾರ್ಪನ್ ಬೇಕೆಂದರೆ ಸ್ಮಾರ್ಟ್ ಆಬ್ಜೆಕ್ಟ್ ಒಳಗೆ ಇನ್ನೊಂದು ಸ್ಮಾರ್ಟ್ ಆಬ್ಜೆಕ್ಟ್ ಇಟ್ಟು ಸುತ್ತು ಹೊಡೆಯಬೇಕು. ಅಫಿನಿಟಿಯ ಲೈವ್ ಫಿಲ್ಟರ್ ಇಲ್ಲಿ ಸರಳ: ಪ್ರತಿಯೊಂದು ಫಿಲ್ಟರೂ ತಾನೇ ಒಂದು ಲೇಯರ್, ಅದರದೇ ಮಾಸ್ಕ್ ಜೊತೆಗೇ ಬರುತ್ತದೆ. ಈ ಒಂದು ವಿಷಯದಲ್ಲಿ ಅಫಿನಿಟಿಯ ರೀತಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಫೋಟೋಶಾಪ್ ಮುಂದಿರುವುದು ಬೇರೆ ಕಡೆ. ಕ್ಯಾಮೆರಾ ರಾ, ಆಕಾರ ತಿದ್ದುವ ಲಿಕ್ವಿಫೈ ಎರಡನ್ನೂ ಸ್ಮಾರ್ಟ್ ಫಿಲ್ಟರ್ ಆಗಿ ಹಾಕಬಹುದು. ಅಂದರೆ ಮುಖದ ಆಕಾರ ಒಂಚೂರು ತಿದ್ದಿದ್ದನ್ನೂ ತಿಂಗಳ ನಂತರ ಡಬಲ್ ಕ್ಲಿಕ್ ಮಾಡಿ ಸಡಿಲಿಸಬಹುದು. ರಾ ಫೈಲನ್ನು (ಕ್ಯಾಮೆರಾ ಹಿಡಿದದ್ದನ್ನು ಸಂಸ್ಕರಿಸದೆ ಇಟ್ಟ ಫೈಲ್) ಕ್ಯಾಮೆರಾ ರಾದಲ್ಲಿ ತೆರೆದು, ಶಿಫ್ಟ್ ಹಿಡಿದು ಓಪನ್ ಬಟನ್ ಒತ್ತಿದರೆ ಅದು ಸ್ಮಾರ್ಟ್ ಆಬ್ಜೆಕ್ಟ್ ಆಗಿಯೇ ಬರುತ್ತದೆ, ವೈಟ್ ಬ್ಯಾಲೆನ್ಸ್ ಕೂಡ ಕೊನೆಯವರೆಗೂ ಕೈಯಲ್ಲಿರುತ್ತದೆ. ಅಫಿನಿಟಿಯಲ್ಲಿ 2022ರ ಎರಡನೇ ಆವೃತ್ತಿಯಿಂದ ರಾ ಲೇಯರ್ ಆಗಿ ಉಳಿಸಿಕೊಳ್ಳುವ ಆಯ್ಕೆ ಇದೆ, ಆದರೆ ಡೆವಲಪ್ ಮಾಡುವಾಗ ಅದನ್ನು ನೀವೇ ಆರಿಸಬೇಕು.

ಗಿಂಪ್ ಬಗ್ಗೆ ಜನರ ಮನಸ್ಸಿನಲ್ಲಿರುವ ಚಿತ್ರ ಹಳೆಯದು. ಅದರಲ್ಲಿ ಫಿಲ್ಟರ್ ಹಾಕಿದರೆ ಹಾಕಿದ ಹಾಗೇ ಎಂಬುದು 2.10ರವರೆಗೆ ನಿಜವಿತ್ತು. 2025ರ ಮಾರ್ಚ್‌ನಲ್ಲಿ ಬಂದ 3.0ರಿಂದ, ಹಾಕಿದ ಫಿಲ್ಟರ್ ಲೇಯರ್‌ನ ಪಕ್ಕ 'ಎಫ್‌ಎಕ್ಸ್' ಗುರುತಿನಡಿ ಪಟ್ಟಿಯಾಗಿ ಉಳಿಯುತ್ತದೆ. ಅಲ್ಲಿಂದ ಆಫ್ ಮಾಡಬಹುದು, ಮೇಲೆ ಕೆಳಗೆ ಸರಿಸಬಹುದು, ಸೆಟ್ಟಿಂಗ್ ಬದಲಿಸಬಹುದು, ಗಿಂಪ್‌ನದೇ ಆದ ಎಕ್ಸ್‌ಸಿಎಫ್ ಫೈಲ್‌ನಲ್ಲಿ ಸೇವ್ ಕೂಡ ಆಗುತ್ತದೆ. ಕರ್ವ್ಸ್, ಲೆವೆಲ್ಸ್ ಇದೇ ದಾರಿಯಲ್ಲಿ ಬರುತ್ತವೆ. ಆದರೆ ಕೆಳಗಿನ ಎಲ್ಲ ಲೇಯರ್‌ಗಳಿಗೂ ಒಟ್ಟಿಗೆ ತಾಗುವ, ಪ್ಯಾನೆಲ್‌ನಲ್ಲಿ ತಾನೇ ಒಂದು ಸಾಲಾಗಿ ನಿಲ್ಲುವ ಅಡ್ಜಸ್ಟ್‌ಮೆಂಟ್ ಲೇಯರ್ 3.0ರಲ್ಲಿ ಇಲ್ಲ, ಲೇಯರ್‌ಗಳನ್ನು ಗ್ರೂಪ್ ಮಾಡಿ ಗ್ರೂಪ್‌ಗೆ ಫಿಲ್ಟರ್ ಹಾಕಬೇಕು. ಫಿಲ್ಟರ್ ಕಿಟಕಿಯಲ್ಲಿ 'ಮರ್ಜ್ ಫಿಲ್ಟರ್' ಎಂಬ ಚೌಕವಿದೆ, ಅದಕ್ಕೆ ಟಿಕ್ ಬಿದ್ದಿದ್ದರೆ ಹಳೆಯ ಗಿಂಪ್‌ನಂತೆ ಶಾಶ್ವತವಾಗಿ ಅಂಟುತ್ತದೆ. ಒಮ್ಮೆ ನೋಡಿಕೊಳ್ಳಿ.

ಕ್ರಿತಾ ಚಿತ್ರಕಾರರಿಗಾಗಿ ಮಾಡಿದ್ದು, ಆದರೂ ಲೇಯರ್ ವಿಚಾರದಲ್ಲಿ ಅದು ಎಷ್ಟು ಮುಂದಿದೆ ಎಂಬುದನ್ನು ಫೋಟೋದವರು ಗಮನಿಸುವುದೇ ಇಲ್ಲ. ಫಿಲ್ಟರ್ ಲೇಯರ್, ಒಂದೇ ಲೇಯರ್‌ಗೆ ಅಂಟುವ ಫಿಲ್ಟರ್ ಮಾಸ್ಕ್, ತಿರುಗಿಸಿದ್ದನ್ನು ಬಾಗಿಸಿದ್ದನ್ನು ತಿದ್ದಬಹುದಾದ ಟ್ರಾನ್ಸ್‌ಫಾರ್ಮ್ ಮಾಸ್ಕ್, ಇನ್ನೊಂದು ಲೇಯರ್ ಬದಲಾದಾಗ ತಾನೂ ಬದಲಾಗುವ ಕ್ಲೋನ್ ಲೇಯರ್ – ಎಲ್ಲ ಉಚಿತವಾಗಿ ಸಿಗುತ್ತವೆ. ಕೊರತೆ ಇರುವುದು ರೀಟಚ್ ಟೂಲ್‌ಗಳಲ್ಲಿ. ಮದುವೆ ಫೋಟೋಗೆ ಅದನ್ನು ಶಿಫಾರಸು ಮಾಡಲಾರೆ.

ಕ್ರಾಪ್ ಮಾಡಿದ ಮೇಲೆ ಅಂಚಿನಲ್ಲಿದ್ದ ಅಜ್ಜಿಯನ್ನು ಮರಳಿ ತರಬಹುದೇ?

ಫೋಟೋಶಾಪ್‌ನಲ್ಲಿ ಕ್ರಾಪ್ ಟೂಲ್ ಹಿಡಿದಾಗ ಮೇಲಿನ ಪಟ್ಟಿಯಲ್ಲಿ 'ಡಿಲೀಟ್ ಕ್ರಾಪ್ಡ್ ಪಿಕ್ಸೆಲ್ಸ್' ಎಂದಿರುತ್ತದೆ. ಅದರ ಟಿಕ್ ತೆಗೆದಿದ್ದರೆ ಇಮೇಜ್ ಮೆನುವಿನ 'ರಿವೀಲ್ ಆಲ್' ಒತ್ತಿ ಅಜ್ಜಿಯನ್ನು ತರಬಹುದು. ಟಿಕ್ ಇದ್ದು ಸೇವ್ ಆಗಿದ್ದರೆ ಇಲ್ಲ. ಗಿಂಪ್‌ನ ಕ್ರಾಪ್ ಟೂಲ್‌ನಲ್ಲೂ ಇದೇ ಹೆಸರಿನ ಆಯ್ಕೆ ಇದೆ. ಅಫಿನಿಟಿ ತಾನಾಗಿಯೇ ಅಂಚಿನ ಪಿಕ್ಸೆಲ್ ಉಳಿಸಿಕೊಳ್ಳುತ್ತದೆ, 'ಅನ್‌ಕ್ಲಿಪ್ ಕ್ಯಾನ್ವಾಸ್' ಒತ್ತಿದರೆ ಸಾಕು. ಇನ್ನೊಬ್ಬರಿಗೆ ಲೇಯರ್ ಫೈಲ್ ಕಳಿಸುವಾಗ ಇದು ನೆನಪಿರಲಿ: ನೀವು ಕತ್ತರಿಸಿದಿರಿ ಅಂದುಕೊಂಡದ್ದು ಅವರಿಗೆ ಕಾಣಿಸಬಹುದು.

ಆಲ್ಬಮ್ ಪುಟದಲ್ಲಿ ಫೋಟೋ ಸಣ್ಣದು ಮಾಡಿ ಮತ್ತೆ ದೊಡ್ಡದು ಮಾಡಿದರೆ ಮಂಕಾಗುತ್ತದೆ. ಯಾಕೆ?

ಸಾಮಾನ್ಯ ಪಿಕ್ಸೆಲ್ ಲೇಯರನ್ನು ಸಣ್ಣದು ಮಾಡಿದಾಗ ಫೋಟೋಶಾಪ್ ಹೆಚ್ಚಿನ ಪಿಕ್ಸೆಲ್‌ಗಳನ್ನು ಎಸೆದುಬಿಡುತ್ತದೆ. ಮತ್ತೆ ಎಳೆದಾಗ ಉಳಿದವನ್ನೇ ಹಿಗ್ಗಿಸುತ್ತದೆ. ಫೋಟೋ ಪುಟಕ್ಕೆ ಬಂದ ಕೂಡಲೇ ಅದು ಸ್ಮಾರ್ಟ್ ಆಬ್ಜೆಕ್ಟ್ ಆಗಿರಲಿ. 'ಪ್ಲೇಸ್' ಮಾಡಿದರೆ ಸಾಮಾನ್ಯವಾಗಿ ಹಾಗೆಯೇ ಬರುತ್ತದೆ. ಅಫಿನಿಟಿಯಲ್ಲಿ ಪ್ಲೇಸ್ ಮಾಡಿದ್ದು ರಾಸ್ಟರೈಸ್ ಮಾಡುವವರೆಗೂ (ಸಾಮಾನ್ಯ ಪಿಕ್ಸೆಲ್ ಲೇಯರ್ ಆಗಿ ಬದಲಿಸುವವರೆಗೂ) ಪೂರ್ಣ ಗಾತ್ರ ಉಳಿಸಿಕೊಂಡಿರುತ್ತದೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಸ್ಮಾರ್ಟ್ ಆಬ್ಜೆಕ್ಟನ್ನು ಕಂಟ್ರೋಲ್-ಜೆ ಒತ್ತಿ ನಕಲು ಮಾಡಿದರೆ ಎರಡಕ್ಕೂ ಒಳಗಿರುವುದು ಒಂದೇ ಚಿತ್ರ. ಒಂದರ ಒಳಗೆ ಹೋಗಿ ತಿದ್ದಿದರೆ ಇನ್ನೊಂದೂ ಬದಲಾಗುತ್ತದೆ. ಬೇರೆಬೇರೆಯಾಗಿ ಇರಬೇಕೆಂದರೆ 'ನ್ಯೂ ಸ್ಮಾರ್ಟ್ ಆಬ್ಜೆಕ್ಟ್ ವಯಾ ಕಾಪಿ' ಬಳಸಿ.

ಫೈಲ್ ತುಂಬಾ ದೊಡ್ಡದಾಗುತ್ತದೆ. ಏನು ಮಾಡಲಿ?

ಲೆಕ್ಕ ತಿಳಿದರೆ ಎಲ್ಲಿ ಉಳಿಸಬೇಕೆಂದು ಗೊತ್ತಾಗುತ್ತದೆ. 6000×4000 ಪಿಕ್ಸೆಲ್‌ನ ಚಿತ್ರ, ಅಂದರೆ 24 ಮೆಗಾಪಿಕ್ಸೆಲ್, 8 ಬಿಟ್‌ನಲ್ಲಿ ಕುಗ್ಗಿಸದೆ 72 ಎಂಬಿ. 16 ಬಿಟ್‌ನಲ್ಲಿ 144 ಎಂಬಿ. ಪೂರ್ಣ ಚಿತ್ರದ ಒಂದೊಂದು ನಕಲು ಲೇಯರೂ ಇಷ್ಟು ಭಾರ ಹೇರುತ್ತದೆ. ಕರ್ವ್ಸ್ ಲೇಯರ್‌ನ ಭಾರ ಮಾತ್ರ ಲೆಕ್ಕಕ್ಕೇ ಇಲ್ಲ, ಅದರ ಮಾಸ್ಕ್ ಅಷ್ಟಿಷ್ಟು ಜಾಗ ಹಿಡಿಯುತ್ತದೆ. ಹಾಗಾಗಿ ಸರಿಯಾಗಿ ಮಾಡಿದ ಲೇಯರ್ ಫೈಲ್, ನಕಲು ಮೇಲೆ ನಕಲು ಪೇರಿಸಿದ ಫೈಲಿಗಿಂತ ಹಗುರ.

12×36 ಇಂಚಿನ ಆಲ್ಬಮ್ ಹಾಳೆ 300 ಡಿಪಿಐನಲ್ಲಿ 3600×10800 ಪಿಕ್ಸೆಲ್. ಒಂದು ತುಂಬು ಲೇಯರ್‌ಗೆ ಸುಮಾರು 117 ಎಂಬಿ. ಅದರೊಳಗೆ ಎಂಟು ಫೋಟೋ ಎಂಬೆಡ್ ಆದರೆ (ಫೈಲಿನೊಳಗೇ ಸೇರಿಕೊಂಡರೆ) ಫೈಲ್ ಬೇಗ ಉಬ್ಬುತ್ತದೆ. ಫೋಟೋಶಾಪ್‌ನ ಲೇಯರ್ ಫೈಲ್ ಆದ ಪಿಎಸ್‌ಡಿಯ ಮಿತಿ 2 ಜಿಬಿ, ಅದಕ್ಕೂ ಮೇಲೆ ದೊಡ್ಡ ಫೈಲ್‌ಗಳಿಗಿರುವ ಪಿಎಸ್‌ಬಿಯಲ್ಲಿ ಸೇವ್ ಮಾಡಬೇಕು. ಫೋಟೋಗಳನ್ನು ಲಿಂಕ್ಡ್ ಆಗಿ, ಅಂದರೆ ಹೊರಗಿಟ್ಟು ಕೊಂಡಿ ಮಾತ್ರ ಹಾಕಿ, ಇಟ್ಟರೆ ಹಗುರವಾಗುತ್ತದೆ, ಆದರೆ ಫೋಲ್ಡರ್ ಜಾಗ ಬದಲಿಸಿದರೆ ಕೊಂಡಿ ಕಳಚುತ್ತದೆ. ಪ್ರೆಸ್‌ಗೆ ಪೆನ್‌ಡ್ರೈವ್‌ನಲ್ಲಿ ಫೈಲ್ ಒಯ್ಯುವವರಿಗೆ ಎಂಬೆಡ್ಡೇ ನೆಮ್ಮದಿ.

ಲೇಯರ್‌ನಲ್ಲಿ ಮಾಡಿದರೂ ಆಕಾಶದಲ್ಲಿ ಪಟ್ಟೆಪಟ್ಟೆ ಬರುತ್ತಿದೆಯಲ್ಲ?

ಮೂಲ ಕೆಡದಿರುವುದು ಒಂದು, ಗುಣಮಟ್ಟ ಕೆಡದಿರುವುದು ಇನ್ನೊಂದು. 8 ಬಿಟ್ ಚಿತ್ರದಲ್ಲಿ ಒಂದೊಂದು ಬಣ್ಣಕ್ಕೂ 256 ಮೆಟ್ಟಿಲು. ಐದಾರು ಅಡ್ಜಸ್ಟ್‌ಮೆಂಟ್ ಲೇಯರ್ ಒಂದರ ಮೇಲೊಂದು ಕೂತು ಅದನ್ನು ಎಳೆದಾಗ ಮೆಟ್ಟಿಲುಗಳ ನಡುವೆ ಸಂದು ಬೀಳುತ್ತದೆ, ಅದೇ ಪಟ್ಟೆ. ರಾದಿಂದ ತರುವಾಗಲೇ 16 ಬಿಟ್ ಆರಿಸಿ. ಮೊದಲೇ 8 ಬಿಟ್ ಜೆಪೆಗ್ ಆಗಿ ಬಂದದ್ದನ್ನು ಆಮೇಲೆ 16ಕ್ಕೆ ಬದಲಿಸಿದರೆ ಕಳೆದುಹೋದ ಮೆಟ್ಟಿಲು ಬರುವುದಿಲ್ಲ, ಮುಂದಿನ ನಷ್ಟ ಮಾತ್ರ ಕಡಿಮೆಯಾಗುತ್ತದೆ.

ಲೈಟ್‌ರೂಮ್, ಡಾರ್ಕ್‌ಟೇಬಲ್‌ನಲ್ಲಿ ಲೇಯರೇ ಇಲ್ಲ. ಹಾಗಾದರೆ ಅವು ಕಡಿಮೆಯೇ?

ರಾ ಫೋಟೋ ತಿದ್ದುವ ಈ ಪ್ರೋಗ್ರಾಮ್‌ಗಳು ಇನ್ನೂ ಕಟ್ಟುನಿಟ್ಟು. ಮೂಲ ಫೈಲಿನ ಪಿಕ್ಸೆಲನ್ನು ಅವು ಮುಟ್ಟುವುದೇ ಇಲ್ಲ; ಮಾಡಿದ ಬದಲಾವಣೆಗಳನ್ನೆಲ್ಲ ಸೂಚನೆಗಳಾಗಿ ಬರೆದಿಟ್ಟುಕೊಂಡು ಎಕ್ಸ್‌ಪೋರ್ಟ್ ಮಾಡುವಾಗ ಅನ್ವಯಿಸುತ್ತವೆ. ಲೇಯರ್ ಮಾಡುವ ಕೆಲಸದ ಒಂದು ಪಾಲನ್ನು ಅಲ್ಲಿ ಮಾಸ್ಕ್ ಮಾಡುತ್ತದೆ. ಸಾವಿರ ಮದುವೆ ಫೋಟೋಗೆ ಒಂದೇ ಬಣ್ಣದ ತಿದ್ದುಪಡಿ ಹಾಕಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಎರಡು ಫೋಟೋ ಜೋಡಿಸಲು, ಅಕ್ಷರ ಹಾಕಲು ಲೇಯರ್ ಇರುವ ಪ್ರೋಗ್ರಾಮ್‌ಗೇ ಬರಬೇಕು.

ಸೂಚನೆ ಎಲ್ಲಿ ಬರೆದಿಟ್ಟಿದೆ ಎಂಬುದನ್ನು ತಿಳಿದಿರಿ. ಲೈಟ್‌ರೂಮ್ ಕ್ಲಾಸಿಕ್ ಅದನ್ನು ಕ್ಯಾಟಲಾಗ್ ಎಂಬ ತನ್ನದೇ ದಾಖಲೆ ಫೈಲ್‌ನಲ್ಲಿ ಇಡುತ್ತದೆ. ಸೂಚನೆ ಬರೆದಿಡುವ ಎಕ್ಸ್‌ಎಂಪಿ ಎಂಬ ಸಣ್ಣ ಫೈಲಿಗೂ ತಾನಾಗಿ ಬರೆಯುವ ಆಯ್ಕೆಯನ್ನು ನೀವು ಆನ್ ಮಾಡದಿದ್ದರೆ, ಕ್ಯಾಟಲಾಗ್ ಹಾಳಾದ ದಿನ ಫೋಟೋ ಉಳಿದಿರುತ್ತದೆ, ಕೆಲಸ ಉಳಿದಿರುವುದಿಲ್ಲ. ಡಾರ್ಕ್‌ಟೇಬಲ್ ಫೋಟೋ ಪಕ್ಕದಲ್ಲೇ ಎಕ್ಸ್‌ಎಂಪಿ ಇಡುತ್ತದೆ. ಹೆಸರು ಒಂದೇ ಆದರೂ ಒಂದರ ಎಡಿಟಿಂಗನ್ನು ಇನ್ನೊಂದು ಹಾಗೆಯೇ ತೋರಿಸಲಾರದು.

ಫೋಟೋಶಾಪ್‌ನ ಪಿಎಸ್‌ಡಿಯನ್ನು ಬೇರೆ ಪ್ರೋಗ್ರಾಮ್‌ನಲ್ಲಿ ತೆರೆದರೆ ಎಲ್ಲ ಉಳಿಯುತ್ತದೆಯೇ?

ಪಿಕ್ಸೆಲ್ ಲೇಯರ್, ಮಾಸ್ಕ್, ಸಾಮಾನ್ಯ ಬ್ಲೆಂಡ್ ಮೋಡ್ ಬಹುಮಟ್ಟಿಗೆ ಉಳಿಯುತ್ತವೆ. ಅಡ್ಜಸ್ಟ್‌ಮೆಂಟ್ ಲೇಯರ್, ಸ್ಮಾರ್ಟ್ ಫಿಲ್ಟರ್‌ಗಳ ಬಗ್ಗೆ ಭರವಸೆ ಬೇಡ. ಬ್ರೌಸರಿನಲ್ಲೇ ನಡೆಯುವ ಫೋಟೋಪಿಯಾ ಈ ವಿಷಯದಲ್ಲಿ ನಿಜಕ್ಕೂ ಚೆನ್ನಾಗಿದೆ. ಸ್ಮಾರ್ಟ್ ಆಬ್ಜೆಕ್ಟ್, ಅಡ್ಜಸ್ಟ್‌ಮೆಂಟ್ ಲೇಯರ್ ಎರಡನ್ನೂ ಅರ್ಥ ಮಾಡಿಕೊಳ್ಳುತ್ತದೆ. ಗಿಂಪ್‌ನಲ್ಲಿ ತೆರೆದಾಗ ಅಡ್ಜಸ್ಟ್‌ಮೆಂಟ್ ಲೇಯರ್ ಕಾಣೆಯಾಗಿ ಫೋಟೋ ಬೇರೆ ಬಣ್ಣದಲ್ಲಿ ಕಂಡರೆ ಗಾಬರಿ ಬೇಡ, ಅದನ್ನು ಪಿಎಸ್‌ಡಿಯಾಗಿ ಮತ್ತೆ ಸೇವ್ ಮಾತ್ರ ಮಾಡಬೇಡಿ. ಕಳಿಸುವಾಗ ಪಿಎಸ್‌ಡಿ ಜೊತೆ ಒಂದು ಜೆಪೆಗ್ ಕೂಡ ಕಳಿಸಿ, ಹೇಗೆ ಕಾಣಬೇಕೆಂದು ಅವರಿಗೆ ಗೊತ್ತಾಗುತ್ತದೆ.

ಕನ್ನಡ ಅಕ್ಷರವನ್ನು ಟೆಕ್ಸ್ಟ್ ಲೇಯರ್ ಆಗಿಯೇ ಉಳಿಸಿಕೊಳ್ಳುವುದು ಹೇಗೆ?

ಆಮಂತ್ರಣ, ಬ್ಯಾನರ್ ಕೆಲಸದಲ್ಲಿ ಹೆಸರು ತಿದ್ದಿಸುವವರು ಕೊನೆಯ ಗಳಿಗೆಯಲ್ಲೇ ಬರುವುದರಿಂದ ಇದು ಸಣ್ಣ ವಿಷಯವಲ್ಲ. ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಒಡೆದು ಕಂಡರೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ 'ವರ್ಲ್ಡ್-ರೆಡಿ' ಆಯ್ಕೆ ಹುಡುಕಿ ಹಾಕಿ. ಅದು ಗೊತ್ತಿಲ್ಲದೆ ಬೇರೆ ಕಡೆ ಟೈಪ್ ಮಾಡಿ ಚಿತ್ರವಾಗಿ ಅಂಟಿಸುವವರು ಇನ್ನೂ ಬಹಳ ಜನ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಟೆಕ್ಸ್ಟ್ ಲೇಯರ್ ಇದ್ದೂ ತಿದ್ದಲಾಗದು. ಹೊಸ ಕೆಲಸವನ್ನಾದರೂ ಯೂನಿಕೋಡ್‌ನಲ್ಲಿ ಮಾಡಿ.

ಗಿಂಪ್ ಕನ್ನಡವನ್ನು ಯಾವ ಸೆಟ್ಟಿಂಗ್ ಇಲ್ಲದೆಯೇ ಸರಿಯಾಗಿ ಮೂಡಿಸುತ್ತದೆ. ಆದರೆ ಟೆಕ್ಸ್ಟ್ ಲೇಯರನ್ನು ಬೇರೆ ಟೂಲ್‌ನಿಂದ ಬದಲಿಸಿ ಮತ್ತೆ ಅಕ್ಷರ ತಿದ್ದಲು ಹೋದರೆ, ಆ ಬದಲಾವಣೆ ಅಳಿಸಿಹೋಗುತ್ತದೆ ಎಂದು ಎಚ್ಚರಿಸುತ್ತದೆ. ಮೊದಲು ಅಕ್ಷರ ಪಕ್ಕಾ ಮಾಡಿಕೊಂಡು ಆಮೇಲೆ ಬದಲಿಸಿ.

ಮೂಲ ಕೆಡದಂತೆ ಮಾಡಲಾಗದ ಕೆಲಸ ಯಾವುದಾದರೂ ಇದೆಯೇ?

ಇದೆ. ಲೇಯರ್ ಪ್ರೋಗ್ರಾಮ್‌ಗಳ ಕ್ಲೋನ್, ಹೀಲಿಂಗ್ ಬ್ರಷ್ ಮಾಡುವುದೆಲ್ಲ ಕೊನೆಗೆ ಪಿಕ್ಸೆಲ್ಲೇ. ಬೇರೆ ಲೇಯರ್‌ನಲ್ಲಿ ಇಡಬಹುದು, ಸೂಚನೆಯಾಗಿ ಇಡಲಾಗದು. ಚರ್ಮ ನಯ ಮಾಡಲು ಬಹಳ ಜನ ಬಳಸುವ ಫ್ರೀಕ್ವೆನ್ಸಿ ಸೆಪರೇಶನ್, ಅಂದರೆ ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ಎರಡು ಲೇಯರ್ ಆಗಿ ಬೇರ್ಪಡಿಸುವುದು, ಕೂಡ ಹಾಗೆಯೇ. ಅದರ ಎರಡು ಲೇಯರ್‌ಗಳು ಆ ಕ್ಷಣದ ಚಿತ್ರದಿಂದ ಹುಟ್ಟಿದವು, ತಳದಲ್ಲಿ ಏನು ಬದಲಿಸಿದರೂ ಅವಕ್ಕೆ ತಿಳಿಯದು. ಬೆಳಕು-ನೆರಳು ತಿದ್ದಲು 50 ಶೇಕಡಾ ಬೂದು ಬಣ್ಣದ ಲೇಯರನ್ನು ಸಾಫ್ಟ್ ಲೈಟ್‌ನಲ್ಲಿಟ್ಟು ಡಾಜ್-ಬರ್ನ್ ಮಾಡುವುದು ನಿಧಾನ, ಆದರೆ ಚರ್ಮದ ರಂಧ್ರ ಉಳಿಯುತ್ತದೆ, ತಪ್ಪಿದ ಜಾಗಕ್ಕೆ ಮತ್ತೆ ಬೂದು ಬಳಿದರೆ ಮುಗಿಯಿತು.

ಹೊಸದಾಗಿ ಕಲಿಯುವವರು ಯಾವುದರಿಂದ ಶುರು ಮಾಡಲಿ?

ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರುವ ಉದ್ದೇಶವಿದ್ದರೆ ಫೋಟೋಶಾಪ್. ಅಲ್ಲಿ ಕೈಗೆ ಬರುವ ಫೈಲ್‌ಗಳೆಲ್ಲ ಪಿಎಸ್‌ಡಿಯೇ. ತಿಂಗಳ ಚಂದಾ ಕಟ್ಟಲು ಆಗದವರಿಗೆ ಅಫಿನಿಟಿ. 2024ರಲ್ಲಿ ಅದನ್ನು ಕೊಂಡ ಕ್ಯಾನ್ವಾ 2025ರ ಅಕ್ಟೋಬರಿನಲ್ಲಿ ಉಚಿತ ಮಾಡಿದೆ, ಕ್ಯಾನ್ವಾ ಖಾತೆ ಇದ್ದರೆ ಸಾಕು. ಲೇಯರ್ ಪದ್ಧತಿ ಕಲಿಯಲು ಸದ್ಯಕ್ಕೆ ಅದೇ ಅತ್ಯಂತ ಸಲೀಸು. ಲಿನಕ್ಸ್ ಬಳಸುವವರು, ಕನ್ನಡ ಅಕ್ಷರದ ಕೆಲಸ ಹೆಚ್ಚಿರುವವರು ಗಿಂಪ್ 3ಕ್ಕೆ ಹೋಗಿ, 2.10ರ ಹಳೆಯ ಪಾಠಗಳನ್ನು ನೋಡಿ ಕಲಿಯಬೇಡಿ.

ಜೆಪೆಗ್ ಆಗಿ ಸೇವ್ ಮಾಡಿಬಿಟ್ಟೆ, ಲೇಯರ್ ಎಲ್ಲ ಹೋಯಿತು. ಬರುತ್ತದೆಯೇ?

ಜೆಪೆಗ್‌ನಲ್ಲಿ ಲೇಯರ್ ಇರುವುದಿಲ್ಲ, ಅದರೊಳಗಿಂದ ಹೊರತೆಗೆಯಲು ಏನೂ ಇಲ್ಲ. ಪ್ರೋಗ್ರಾಮ್ ಇನ್ನೂ ತೆರೆದಿದ್ದರೆ ಮುಚ್ಚಬೇಡಿ: ಹಿಸ್ಟರಿಯಲ್ಲಿ ಫ್ಲ್ಯಾಟನ್ ಮಾಡುವ (ಎಲ್ಲ ಲೇಯರ್ ಸೇರಿಸಿ ಒಂದು ಮಾಡುವ) ಹಿಂದಿನ ಹಂತಕ್ಕೆ ಹೋಗಿ ಪಿಎಸ್‌ಡಿಯಾಗಿ ಸೇವ್ ಮಾಡಿ. ಮುಚ್ಚಿದ್ದರೆ ಹಿಂದಿನ ಪಿಎಸ್‌ಡಿ ಪ್ರತಿ ಅಥವಾ ಬ್ಯಾಕಪ್ ಹುಡುಕಿ. ಗಿಂಪ್ 2012ರ 2.8ರಿಂದಲೇ 'ಸೇವ್' ಎಂದರೆ ಎಕ್ಸ್‌ಸಿಎಫ್ ಮಾತ್ರ, ಜೆಪೆಗ್ ಬೇಕಾದರೆ 'ಎಕ್ಸ್‌ಪೋರ್ಟ್' ಎಂದು ಬೇರೆ ಮಾಡಿದೆ. ಅದು ಕಿರಿಕಿರಿ ಎನ್ನುವವರಿದ್ದಾರೆ, ನನಗೆ ಮಾತ್ರ ಅದು ಬಹಳ ಒಳ್ಳೆಯ ನಿರ್ಧಾರ ಎನಿಸುತ್ತದೆ. ಫೋಟೋಶಾಪ್‌ನಲ್ಲೂ ಅದೇ ರೂಢಿ ಮಾಡಿಕೊಳ್ಳಿ: ಮೊದಲ ಲೇಯರ್ ಸೇರಿಸಿದ ಕೂಡಲೇ ಪಿಎಸ್‌ಡಿಯಾಗಿ ಒಮ್ಮೆ ಸೇವ್, ಜೆಪೆಗ್ ಏನಿದ್ದರೂ ಎಕ್ಸ್‌ಪೋರ್ಟ್ ಮೆನುವಿನಿಂದ.